ಬಂದವರ ಮುಂದೆ

ಡಿಸೆಂಬರ್ 11, ಗುರುವಾರ. ಸಂಜೆ

ಮತ್ತೆ ಗುಬ್ಬಿಯ ಮನೆ. ಮತ್ತೆ ಉಪ್ಪಿಟ್ಟು. ವಿಜ್ಞಾನದ ಪ್ರಗತಿ: ಈ ವಾರ ಉಪ್ಪಿಟ್ಟಿಗೆ ಗೋಡಂಬಿ ಬಿದ್ದಿದೆ.

ದೊಡ್ಡಗಂಗಮ್ಮ ಎಂದಿನಂತೆ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಇಸ್ತ್ರಿ ಸೀರೆ. ಲಕ್ವ ಹೊಡೆದ ಬಲಗೈ ಸೆರಗಿನೊಳಗೆ. ಎದುರಿಗೆ ಘನ ಸಂಶೋಧಕ ಚನ್ನೇಶ್, ಅಂದರೆ ನಾನು. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹೀಗೇ ಒಂದು ಗಂಟೆ.

ಲಕ್ವ ಹೊಡೆದವರು ಮನೆಯ ದಿನನಿತ್ಯದ ಕೆಲಸಗಳಿಗೆ ಹೇಗೆ ಮರಳುತ್ತಾರೆ — ಇದು ನನ್ನ ಪಿಎಚ್‌ಡಿ. ಆಕ್ಯುಪೇಷನಲ್ ಸೈನ್ಸ್. ಚಾರ್ಟ್‌ನಲ್ಲಿ ಬರೆದೆ: ಬಲಗೈ, ಮನೆಗೆಲಸ — ಸೊನ್ನೆ. ಕಳೆದ ವಾರವೂ ಸೊನ್ನೆ.

ಸೊಸೆ ಭೂಮಿಕಾ ಎಲ್‌ಕೆಜಿ ಮಿಸ್. ನಾನು ಹೋಗುವ ಗುರುವಾರ ರಜೆ ಹಾಕುತ್ತಾರೆ. "ಅತ್ತೆ ಕೈಲಿ ಒಂದ್ ಲೋಟ ಎತ್ತಿಸಲ್ಲ ಸಾರ್, ಬರ್ಕೊಳ್ಳಿ." ಬರ್ಕೊಂಡೆ. ಹೀಗೇ ಕೂತರೆ ಆ ಬೆರಳುಗಳು ಸೆಟೆದುಕೊಂಡುಬಿಡುತ್ತವೆ, ಗೊತ್ತು. ಆದರೆ ನನ್ನ ಅಧ್ಯಯನದ ನಿಯಮ — ನೋಡಬೇಕು. ಮಾಡಿಸಬಾರದು, ಹೇಳಿಕೊಡಬಾರದು.

ಕೊತ್ತಗೆರೆಯಿಂದ ಅಪ್ಪನ ಫೋನ್. "ಬೇರೆಯೋರು ಕೆಲ್ಸ ಮಾಡೋದ ಕೂತ್ಕೊಂಡ್ ನೋಡಿದ್ರೆ ಡಾಕ್ಟರ್ ಅಂತಾರೇನ್ಲಾ? ಹಂಗಾದ್ರೆ ನಮ್ಮೂರ ಅರಳಿಕಟ್ಟೆ ತುಂಬ ಡಾಕ್ಟರ್‌ಗಳೇ ಅವ್ರೆ ಬುಡು."

ಅರಳಿಕಟ್ಟೆಯವರು ನನಗಿಂತ ಮುಂದಿದ್ದಾರಪ್ಪ. ಅವರ ಕಣ್ಣೆದುರು ಯಾರಾದರೂ ಕೆಲಸ ಮಾಡುತ್ತಾರೆ.

ಡಿ. 17, ಬುಧವಾರ. ಮಧ್ಯಾಹ್ನ, ಗುಬ್ಬಿ ಬಸ್ ಸ್ಟ್ಯಾಂಡ್

ಬಸ್ಸು ಬರುವವರೆಗೂ ತಡೆಯಲಾಗದೆ ಬರೆಯುತ್ತಿದ್ದೇನೆ. ಖುಷಿಗೆ. ಅಲ್ಲ, ಖುಷಿ ಈಗ ಮುಗಿಯಿತು...

ನಾಳೆ ಗೈಡ್ ಸುಧಾ ಮೇಡಂ ಮೀಟಿಂಗ್ ಇಟ್ಟಿದ್ದರಿಂದ ಗುಬ್ಬಿಗೆ ಇವತ್ತೇ ಬಂದೆ. ಫೋನ್ ಮಾಡದೆ. ಮುಂಬಾಗಿಲು ಮುಚ್ಚಿತ್ತು. ಹಿತ್ತಲಲ್ಲಿ ನಗು. ಇಣುಕಿದೆ.

ದೊಡ್ಡಗಂಗಮ್ಮ ನೆಲದ ಮೇಲೆ. ಹಳೇ ಸೀರೆ. ಮುಂದೆ ನೆನೆಸಿದ ಅವರೆಕಾಳಿನ ಬೇಸಿನ್. ಬಲಗೈ — ನನ್ನ ಚಾರ್ಟಿನ ಸೊನ್ನೆ — ಕಾಳು ಹಿತಕುತ್ತಿದೆ. ಹೆಬ್ಬೆರಳು, ತೋರುಬೆರಳು. ನಡುಗುತ್ತದೆ, ಕಾಳು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸಿಪ್ಪೆಯಿಂದ ಬೇಳೆ ಪುಳಕ್ಕನೆ ಆಚೆ. ಎದುರಿಗೆ ಪಕ್ಕದ ಮನೆ ನರಸಮ್ಮ.

"ನೀನ್ ಒಂದ್ ಹಿತ್ಕೋ ಹೊತ್ಗೆ ನನ್ ಮೊಮ್ಮಗನ್ ಮದ್ವೆ ಆಗೋಯ್ತದೆ ಕಣೇ."

"ಆಗ್ಲಿ. ಬೀಗರೂಟಕ್ಕೂ ನಾನೇ ಹಿತ್ಕಿ ಕೊಡ್ತೀನಿ."

ಮರೆಯಲ್ಲೇ ನಿಂತು ವಿಡಿಯೋ ಮಾಡಿದೆ. ಖುಷಿಗೆ ತಲೆ ಓಡಲಿಲ್ಲ. ಅವರ ಮಗ ಅನಂತರಾಜು ಅವರಿಗೆ ವಾಟ್ಸಾಪ್ ಮಾಡಿದೆ. ಕೆಳಗೆ ಗಂಭೀರವಾಗಿ ಒಕ್ಕಣೆ: "ಆರೋಪಿ ಮಾಲು ಸಮೇತ ಸಿಕ್ಕಿಬಿದ್ದಿದ್ದಾರೆ." ಆಗ ಒಂದು ಬೇಳೆ ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು. ದೊಡ್ಡಗಂಗಮ್ಮ ತಲೆ ಎತ್ತಿದರು. ಕೈ ತಕ್ಷಣ ಸೆರಗಿನೊಳಗೆ.

"ಅಯ್ಯೋ, ಇವತ್ತು ಬೇಸ್ತವಾರ್ವಾ?... ನಮ್ ಭೂಮಿಕಂಗೆ ಹೇಳ್ಬೇಡ ಕಣಪ್ಪ."

ಫೋನ್ ನೋಡಿದೆ. ಎರಡೂ ಟಿಕ್ ನೀಲಿ.

ಡಿ. 18

ಅನಂತರಾಜು ಸಂತೋಷಕ್ಕೆ ನೆಂಟರ ಗ್ರೂಪಿಗೆ ಹಾಕಿದರಂತೆ. "ನಮ್ಮಮ್ಮನ್ ಕೈ ನೋಡ್ರೋ" ಅಂತ. ನೆಂಟರು ಕೈ ನೋಡಲಿಲ್ಲ. ಕುಣಿಗಲ್‌ನ ಚಿಕ್ಕತ್ತೆಯೊಬ್ಬರು ನೇರ ಭೂಮಿಕಾಗೇ ಫೋನ್: "ಲಕ್ವ ಹೊಡ್ದಿರೋಳ್ನ ನೆಲದ್ ಮೇಲ್ ಕೂರ್ಸಿ ಕಾಳ್ ಹಿತ್ಕಿಸ್ತೀಯಲ್ಲೇ, ನೀನೊಬ್ಳು ಮಿಸ್ಸಾ?"

ಸುಧಾ ಮೇಡಂಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. ಅದೇ ಕಷ್ಟ. "ಕೇಳ್ದೆ ವಿಡಿಯೋ ಮಾಡಿದೀಯ, ಕಳ್ಸಿದೀಯ. ಹೋಗಿ ಕ್ಷಮೆ ಕೇಳು." ಆಮೇಲೆ ಬಾಗಿಲವರೆಗೂ ಹೋದವನನ್ನು ಕರೆದರು. "ಚನ್ನೇಶ್. ಮಿಕ್ಕಿದ ಮನೆಗಳಲ್ಲೂ ಹೀಗೇ ಕುರ್ಚಿ ಹಾಕ್ತಾರಾ?"

ನೆನಪು ಮಾಡಿಕೊಂಡೆ. ಊರ್ಡಿಗೆರೆಯ ಮನೆ, ಕುಣಿಗಲ್‌ನ ಮನೆ, ಮಾರ್ಕೋನಹಳ್ಳಿಯ ಮನೆ.

ಎಲ್ಲಾ ಮನೆಯಲ್ಲೂ ಕುರ್ಚಿ ಇದೆ. ಇಸ್ತ್ರಿ ಸೀರೆ, ಹೊಸ ಪಂಚೆ ಇದೆ. ಬಂದವರ ಮುಂದೆ ಕಾಯಿಲೆಯವರ ಕೈಲಿ ಕೆಲಸ ಮಾಡಿಸುವ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಎರಡು ವರ್ಷದಿಂದ ನಾನು ಅಳೆದಿರುವುದು ಮರ್ಯಾದೆಯನ್ನು.

ಡಿ. 25

ಗುಬ್ಬಿ. ಕ್ಷಮೆ ಕೇಳಿದೆ. ಭೂಮಿಕಾ ಉಪ್ಪಿಟ್ಟು ಕೊಟ್ಟರು. ಬೈದಿದ್ದರೆ ತಿನ್ನುವುದು ಸುಲಭವಿತ್ತು.

"ಬೆಳಿಗ್ಗೆ ನಾನೇ ಸ್ನಾನ ಮಾಡಿಸಿ, ತಲೆ ಬಾಚಿ, ತಿಂಡಿ ತಿನ್ಸಿ ಸ್ಕೂಲಿಗ್ ಓಡ್ತೀನಿ ಸಾರ್. ಅದನ್ನ ಯಾರೂ ವಿಡಿಯೋ ಮಾಡ್ಲಿಲ್ಲ."

ನಿಯಮ ಮುರಿದು ಹೇಳಿದೆ — ಕಾಳು ಹಿತಕುವುದೇ ಆ ಕೈಗೆ ಔಷಧಿ ಅಂತ.

"ಔಷಧಿ ಅಂದ್ರೆ ಆಸ್ಪತ್ರೇಲಿ ಮಾಡ್ಬೇಕು ಸಾರ್. ಹಿತ್ತಲಲ್ಲಿ ಮಾಡಿದ್ರೆ ಊರೋರು ಕೆಲ್ಸ ಅಂತಾರೆ." ಈಗ ಹಿತಕಿದ ಬೇಳೆಯನ್ನೇ ಮಾರ್ಕೆಟ್ಟಿಂದ ಪ್ಯಾಕೆಟ್ ತರುತ್ತಾರೆ. ನರಸಮ್ಮನಿಗೆ ಬರಬೇಡಿ ಅಂದಿದ್ದಾರೆ. ಅತ್ತೆಗೆ ಅಂತ ಮೆತ್ತನೆಯ ಚೆಂಡು ತಂದುಕೊಟ್ಟಿದ್ದಾರೆ, ಒತ್ತಲಿಕ್ಕೆ.

ಆ ಕುರ್ಚಿಯಲ್ಲಿ ಕೂತು ದೊಡ್ಡಗಂಗಮ್ಮ ಮೊದಲ ಸಲ ಬಾಯಿ ಬಿಟ್ಟರು. ಗೋಡೆ ನೋಡಿಕೊಂಡು.

"ಚೆಂಡ್ ಒತ್ತಿದ್ರೆ ಸಾರು ಆಯ್ತದಾ?"

ಜನವರಿ 8

ಸೊನ್ನೆ. ಉಪ್ಪಿಟ್ಟಿನ ಜೊತೆ ಕೇಸರಿಬಾತೂ ಸೇರಿದೆ. ತೋರುಬೆರಳು ಒಳಕ್ಕೆ ಮಡಚಿಕೊಳ್ಳುತ್ತಿದೆ. ಡಿಸೆಂಬರ್‌ನಲ್ಲಿ ಹೀಗಿರಲಿಲ್ಲ.

ಚೆಂಡು ಟಿವಿ ಮೇಲಿದೆ.

ಜ. 20, ಮಂಗಳವಾರ

ನರಸಮ್ಮನ ಫೋನಿಂದ ಕರೆ. ಮಾತಾಡಿದ್ದು ದೊಡ್ಡಗಂಗಮ್ಮ. ಕಾಂಪೌಂಡ್ ಗೋಡೆ ಮೇಲಿಂದ ಫೋನ್ ಇಸ್ಕೊಂಡರಂತೆ.

"ಇನ್ ಬರ್ಬೇಡ ಕಣಪ್ಪ."

"ಯಾಕಮ್ಮ, ನನ್ ಮೇಲ್ ಕೋಪವಾ?"

"ಕೋಪ ಎಲ್ಲಿ ಬಂತು. ನೀನ್ ಬರ್ಕೊಂಡ್ ಹೋಗೋದು ಪೇಪರ್‌ನಲ್ಲಿ ಬಂದ್ಬುಡ್ತದೆ ಅಂತ ಭೂಮಿಕಂಗ್ ಭಯ. ದಿನಾ ಮಧ್ಯಾಹ್ನ ಓಡ್ಬಂದು ನಾನ್ ಕುರ್ಚೀಲ್ ಇದೀನಾ ಅಂತ ನೋಡ್ತಾಳೆ. ಪಾಪ, ಅವ್ಳಿಗೂ ಸಾಕಾಗದೆ. ನೀನ್ ನಿಲ್ಸಿದ್ರೆ ಅವ್ಳು ಮರೀತಾಳೆ." ಆಮೇಲೆ ದನಿ ತಗ್ಗಿಸಿ: "ಅವರೆಕಾಯ್ ಕಾಲ ಮುಗಿಯೋಕ್ ಮುಂಚೆ ನಿಲ್ಸು."

ಕಲಿತ ವಿದ್ಯೆ ಎಲ್ಲಾ ತಲೆಯೊಳಗೆ ಒಂದು ಸುತ್ತು ಹಾಕಿಸಿದೆ. ಆ ಕೈಗೆ ನಾನು ಮಾಡಬಹುದಾದದ್ದು ಏನಾದರೂ ಇದೆಯಾ ಅಂತ. ಇದೆ. ಒಂದೇ. ಅದನ್ನು ಅವರೇ ಹೇಳಿದರು.

ಜ. 22, ಗುರುವಾರ. ಬೆಳಿಗ್ಗೆ 9, ತುಮಕೂರು ಬಸ್ ಸ್ಟ್ಯಾಂಡ್

ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದೇ ಬಿಟ್ಟಿದ್ದೇನೆ. ಅಭ್ಯಾಸ. ಗುಬ್ಬಿ ಬಸ್ಸು ನಿಂತಿದೆ. ಕಂಡಕ್ಟರ್‌ಗೆ ನನ್ನ ಮುಖ ಪರಿಚಯ, "ಹತ್ತಿ ಡಾಕ್ಟ್ರೇ" ಅನ್ನುತ್ತಾನೆ. ಹತ್ತಲಿಲ್ಲ.

ಭೂಮಿಕಾ ಫೋನ್. "ಸಾರ್, ರವೆ ಹುರೀತಿದೀನಿ. ಹೊರಟ್ರಾ?"

"ಇಲ್ಲ ಮೇಡಂ. ನಿಮ್ಮನೇದು ಮುಗೀತು. ಇನ್ ಬರಲ್ಲ."

"ಮುಗೀತಾ?" ಸೌಟಿನ ಸದ್ದು ನಿಂತಿತು. "ಅತ್ತೆ ಬಗ್ಗೆ ಕೊನೇಗ್ ಏನ್ ಬರ್ದ್ರಿ ಸಾರ್?"

"ಮನೆಗೆಲಸ ಸೊನ್ನೆ ಅಂತ."

"ಸದ್ಯ." ದೊಡ್ಡ ಉಸಿರು ಕೇಳಿಸಿತು. "ಹಂಗಾದ್ರೆ ನಾನು ಸ್ಕೂಲಿಗ್ ಹೊರಡ್ತೀನಿ."

ಬಸ್ಸು ಹೋಯಿತು. ಈಗ ಹಿತ್ತಲಲ್ಲಿ ಬೇಸಿನ್ ಇಟ್ಟುಕೊಂಡಿರಬಹುದು. ಇಲ್ಲದೆಯೂ ಇರಬಹುದು. ಹೋಗಿ ನೋಡಿದರೆ ಮಾತ್ರ ಖಂಡಿತ ಇರುವುದಿಲ್ಲ.

ಚಾರ್ಟ್ ತೆಗೆದೆ. ಸುಮ್ಮನೆ.

ದೊಡ್ಡಗಂಗಮ್ಮ. ಬಲಗೈ. ಇಂದು —