ಮಾಸದ ಪುಸ್ತಕಗಳ ಪೆಟ್ಟಿಗೆ

ಸ್ಕೂಲು ಇನ್ಸ್‌ಪೆಕ್ಟರ್ ಸಾಹೇಬರೇ,

ತಮ್ಮ ಅಪ್ಪಣೆಯಂತೆ ನಮ್ಮೂರ ಪ್ರೈಮರಿ ಶಾಲೆಯ ಕಥೆಪುಸ್ತಕಗಳ ಪೆಟ್ಟಿಗೆಗೆ ಬೀಗ ಬಿದ್ದು ಏಳು ತಿಂಗಳಾಯಿತು. ಪುಸ್ತಕಗಳು ಸುಖವಾಗಿವೆ. ಒಂದರ ಮೇಲೂ ಮಗುವಿನ ಕೈ ಬಿದ್ದಿಲ್ಲ. ಈ ವಿಷಯವಾಗಿ ತಮಗೆ ಎರಡು ಅರ್ಜಿ ಬರೆದುಕೊಂಡೆ, ಉತ್ತರ ಬರಲಿಲ್ಲ. ಮೂರನೆಯದನ್ನು ದಪ್ಪಕ್ಷರದಲ್ಲಿ ತಡಕಾಡಿ ಬರೆದು ಪತ್ರಿಕೆಯವರಿಗೆ ಕಳಿಸುತ್ತಿದ್ದೇನೆ. ನಾಲ್ಕು ಜನರ ಕೈಗೆ ಹೋದರೆ ಇದೂ ಸ್ವಲ್ಪ ಮಾಸೀತು, ಕ್ಷಮಿಸಬೇಕು.

ನಾನು ಶಾಲೆಗೆ ಹೋದವನಲ್ಲ. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಡುತ್ತಿದ್ದ ಹಳೆಯ ಪತ್ರಿಕೆಯ ಚೂರುಗಳಲ್ಲಿ ಓದು ಕಲಿತವನು. ಕಥೆ ಅರ್ಧಕ್ಕೇ ಹರಿದಿರುತ್ತಿತ್ತು. ಮುಂದೇನಾಯಿತೋ ಎಂಬ ಚಪಲಕ್ಕೆ, ಮನೆಯಲ್ಲಿ ಬೆಲ್ಲವಿದ್ದರೂ ಮತ್ತೆ ಅಂಗಡಿಗೆ ಹೋಗುತ್ತಿದ್ದೆ. ಆ ಓದಿನಿಂದಲೇ ಇಷ್ಟು ಕಾಲ ನೆಂಟರಿಷ್ಟರಿಗೆ ಕಾಗದ ಬರೆದೆ, ಊರಿಗೆ ಬಂದ ಕಾಗದಗಳನ್ನು ಓದಿ ಹೇಳಿದೆ. ಈಗ ಕಣ್ಣಿಗೆ ಪೊರೆ ಕವಿದಿದೆ. ನನ್ನ ನಂತರ ಯಾರು ಎಂದು ಹುಡುಕಿದಾಗ ಕಂಡವಳು ನನ್ನ ತಂಗಿಯ ಮೊಮ್ಮಗಳು, ಮೂರನೇ ಕ್ಲಾಸಿನ ಅಂಜಿನಮ್ಮ.

ಪೆಟ್ಟಿಗೆ ದೊಡ್ಡಬಳ್ಳಾಪುರದಿಂದ ಗಾಡಿಯಲ್ಲಿ ಬಂದ ವಾರವೇ ಅವಳು ಮೇಷ್ಟರನ್ನು ಕಾಡಿ ಒಂದು ಪುಸ್ತಕ ಮನೆಗೆ ತಂದಳು. ತಾಯಿ ಸಪ್ಪಲಮ್ಮ ರಾಗಿ ಬೀಸುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಕಥೆಯ ಮುದುಕಿ ಹುಲಿಗೆ ಬಾಗಿಲು ತೆರೆಯುವ ಹೊತ್ತಿಗೆ ಬೀಸುವ ಕಲ್ಲು ನಿಂತಿತು.

“ಯಾಕವ್ವ, ನಿಲ್ಲಿಸ್ಬಿಟ್ಟೆ?”

“ಸದ್ದಿಗೆ ಏನೂ ಕೇಳಾಕಿಲ್ಲ ಕಣಮ್ಮಿ. ಹುಲಿ ಏನ್ಮಾಡ್ತು? ಬಿರ್ನೆ ಹೇಳು.”

“ತಡಿಯವ್ವ, ಕಾಗುಣಿತ ಕೂಡಿಸ್ಬೇಡ್ವಾ?”

“ನೀನು ಕೂಡ್ಸೋದ್ರೊಳಗೆ ಮುದುಕಿ ಹುಲಿ ಹೊಟ್ಟೇಲಿರ್ತಾಳೆ!”

ತಾಯಿ ನಕ್ಕು, ಹುಲಿ ಎಲ್ಲಿದೆ ತೋರಿಸು ಎಂದಳು. ಮಗಳು ತೋರಿಸಿದ ಎರಡಕ್ಷರದ ಮೇಲೆ ಸಪ್ಪಲಮ್ಮ ಬೆರಳಿಟ್ಟಳು. ಅವಳು ಜನ್ಮದಲ್ಲಿ ಅಕ್ಷರ ಮುಟ್ಟಿದ್ದು ಅದೇ ಮೊದಲು. ಬೆರಳಿನಲ್ಲಿ ರಾಗಿಹಿಟ್ಟಿತ್ತು, ಬೆವರಿತ್ತು. ಕಥೆ ಮುಗಿಯಲಿಲ್ಲ, ಮರುದಿನ ತಮ್ಮ ತನಿಖೆಯೆಂದು ಪುಸ್ತಕ ಶಾಲೆಗೆ ವಾಪಸು ಹೋಯಿತು.

ತಮಗೆ ಸಿಕ್ಕ ಕೊಳೆ ಆ ಬೆರಳಿನ ಗುರುತು. ಯುದ್ಧದ ಕಾಲ, ಕಾಗದಕ್ಕೆ ಬರ, ಇದು ಯಾರ ಕೆಲಸವೆಂದು ತಾವು ಗದರಿದಿರಿ. ಅಂಜಿನಮ್ಮ ಅವ್ವನ ಹೆಸರೆತ್ತಲಿಲ್ಲ. “ನಂದೇ ಸಾ” ಎಂದಳು, ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ನಿಂತಳು. ಅದೇ ಹೊತ್ತಿನಲ್ಲಿ ಒಳಗೆ ಇನ್ನೊಂದು ಮಗು ಪಾಠವನ್ನು ಗಡಗಡನೆ ಒಪ್ಪಿಸಿ ತಮ್ಮಿಂದ ಶಹಬಾಸ್ ಪಡೆಯಿತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿತ್ತು. ಕಿಟಕಿಯಾಚೆ ನಿಂತ ನನ್ನ ಮಬ್ಬುಗಣ್ಣಿಗೆ ಕಂಡದ್ದು ತಮ್ಮ ಕನ್ನಡಕಕ್ಕೆ ಕಾಣಲಿಲ್ಲವೇ? ಮಗುವನ್ನು ದೂರುವುದಿಲ್ಲ, ಮೇಷ್ಟರನ್ನೂ ದೂರುವುದಿಲ್ಲ. ಬಾಯಿಪಾಠ ಕೇಳುವವರು ಬಂದರೆ ಬಾಯಿಪಾಠವನ್ನೇ ಮಾಡಿಸುತ್ತಾರೆ, ಪಾಪ. ಪುಸ್ತಕ ಮಾಸಬಾರದೆಂದು ತಾವು ಅಂದೇ ಪೆಟ್ಟಿಗೆಗೆ ಬೀಗ ಹಾಕಿಸಿದಿರಿ. ಈಗ ನಮ್ಮ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ತಾವು ವರದಿ ಬರೆದಿದ್ದೀರಂತೆ. ಎಲೆ ಕೊಳೆಯಾಗುತ್ತದೆಂದು ಅನ್ನ ಬಡಿಸದೆ, ಇವರಿಗೆ ಹಸಿವೇ ಇಲ್ಲ ಎಂದ ಹಾಗಾಯಿತು.

ಮೊನ್ನೆ ಜಡಿಗೇನಹಳ್ಳಿಯಿಂದ ನನ್ನ ಮಗಳು ಭಾಗ್ಯಮ್ಮ ಬರೆಸಿದ ಕಾಗದ ಬಂತು. ಸಣ್ಣಕ್ಷರ, ನನ್ನ ಕಣ್ಣಿಗೆ ಒಂದೂ ಹತ್ತಲಿಲ್ಲ. ಅಂಜಿನಮ್ಮನನ್ನು ಕರೆದು, “ಓದಮ್ಮಿ, ನಿಮ್ಮತ್ತೆ ಏನು ಬರೆಸವ್ಳೆ ನೋಡಾನ” ಎಂದೆ. ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು.

“ಬ್ಯಾಡ ತಾತ. ಮಾಸೋಯ್ತದೆ.”

ವಾದ ಮಾಡುವ ತ್ರಾಣ ನನಗಿಲ್ಲ ಸ್ವಾಮಿ. ಬೀಗ ತೆಗೆಸಿ. ಪುಸ್ತಕಗಳು ಮನೆಗಳಿಗೆ ಹೋಗಲಿ ಎಂದು ಮೇಷ್ಟರಿಗೆ ತಮ್ಮ ಕೈಯಲ್ಲೇ ಬರೆದುಕೊಡಿ, ಇಲ್ಲದಿದ್ದರೆ ಅವರಿಗೆ ಧೈರ್ಯ ಬಾರದು. ಮುಂದಿನ ತನಿಖೆಗೆ ಬಂದಾಗ ಅಂಜಿನಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಲಿ ಏನು ಮಾಡಿತು ಎಂದು ಕೇಳಿ. ಸಪ್ಪಲಮ್ಮ ಏಳು ತಿಂಗಳಿಂದ ಅದನ್ನೇ ಕೇಳುತ್ತಿದ್ದಾಳೆ.

ಇಂತಿ,
ಮಗಳ ಕಾಗದವನ್ನು ಗೂಡಿನಲ್ಲಿಟ್ಟು ಓದುವವರಿಗಾಗಿ ಕಾದಿರುವ
ಆವಲಪ್ಪ
ಸಾಸಲು ಹೋಬಳಿ