ಉಡಿಯ ಅಕ್ಕಿಯ ಕೆಳಗೆ

ಸದಲಗಾ

ನರ್ಸ್ ಸುನಂದಾ ಕಾಕೂ ಅವರಿಗೆ ತ್ರಿಶಲಾಳ ನಮಸ್ಕಾರ.

ನಿನ್ನೆ ದವಾಖಾನೆಯಲ್ಲಿ ನಿರೋಧ್ ಪಾಕೀಟು ಕೇಳಿದ್ದಕ್ಕೆ ನೀವು, "ಲಗ್ನಾ ಆಗೂಕಿಂತ ಮೊದಲ ಇದ್ಯಾಕ ಬೇ? ನಿಮ್ಮವ್ವಗ ಹೇಳ್ಲೇನ?" ಎಂದು ಎಲ್ಲರೆದುರು ಗದರಿದಿರಿ. ಆಗಿನಿಂದ ಬಾಗಿಲ ಸಪ್ಪಳವಾದರೂ ನೀವೇ ಬಂದಿರೆಂದು ಅವ್ವನಿಗಿಂತ ಮೊದಲು ಓಡುತ್ತೇನೆ. ದಯವಿಟ್ಟು ಅವ್ವನಿಗೆ ಹೇಳಬೇಡಿ.

ಬರುವ ವಾರವೇ ಮದುವೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಇಬ್ಬರೂ ಎಚ್‌ಐವಿ ಪರೀಕ್ಷೆ ಮಾಡಿಸೋಣವೆಂದರೆ ಫೋನ್ ಇಟ್ಟುಬಿಟ್ಟ. ಭಾವನನ್ನೂ ಎಲ್ಲರೂ ಒಳ್ಳೆಯವನೆಂದೇ ಹೇಳಿದ್ದರು. ಅಕ್ಕ ಈಗ ದಿನಾ ಆ ರೋಗದ ಗುಳಿಗೆ ನುಂಗುತ್ತಾಳೆ.

ನನಗೆ ಉಡಿ ತುಂಬಲು ಬರುತ್ತೀರಲ್ಲ, ಆಗ ಅಕ್ಕಿಯ ಕೆಳಗೆ ಒಂದು ಪಾಕೀಟು ಇಟ್ಟುಬಿಡಿ. ಉಡಿಯೊಳಗೆ ಯಾರೂ ಕೈ ಹಾಕುವುದಿಲ್ಲ. ಅವನಿಗೆ ಹೇಳುವ ಧೈರ್ಯವನ್ನು ನಾನೇ ಹೇಗಾದರೂ ತಂದುಕೊಳ್ಳುತ್ತೇನೆ.

ಅಕ್ಕನ ಉಡಿ ತುಂಬಿದವರೂ ನೀವೇ, ಕಾಕೂ.

ನಿಮ್ಮ ಮಗಳಂಥವಳು,
ತ್ರಿಶಲಾ