ಮಾವನ ಸ್ಲ್ಯಾಬು

ಮಾವ,

ಓದಾಕೆ ನೀವಿಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ನಿನ್ನೆ ನಿಮ್ಮ ಸ್ಲ್ಯಾಬ್ ಒಡೆಸಿ ಹಾಕಿದೆ. ನ್ಯಾಮತಿ ತಾಲ್ಲೂಕು ಆತು, ವ್ಯಾಪಾರ ಬೆಳೀತೈತೆ ಅಂತ ಮನೆಗೂ ಅಂಗಡಿಗೂ ನಡುವಿದ್ದ ಅಂಗಳನ ಸ್ಲ್ಯಾಬ್ ಹಾಕಿ ಮುಚ್ಚಿ ಗೋಡೌನ್ ಮಾಡಿದ್ರಲ್ಲ, ಅದನ್ನೇ. ‘ಗಾಳಿ ಬರಾಕೆ ಒಂಚೂರು ಜಾಗ ಬಿಡ್ರಿ’ ಅಂತ ಸೊಸೆ ನಾನು ಅಂದಿದ್ದಕ್ಕೆ, ‘ಗಾಳಿ ಏನು ಬಾಡಿಗೆ ಕೊಡ್ತೈತಾ?’ ಅಂತ ಅಂಗಡಿಯೋರ ಮುಂದೆ ನನ್ನ ನೋಡಿ ನಕ್ಕಿದ್ರಿ.

ಇವತ್ತು ಮಧ್ಯಾಹ್ನ ಅದೇ ಅಂಗಡಿಯೋರು ಫ್ಯಾನೇ ಹಾಕಲಿಲ್ಲ. ಒಡೆದ ಚೂರನ್ನ ಬಚ್ಚಲ ದಾರಿಗೆ ಹಾಕಿಸಿದೀನಿ, ದಿನಾ ತುಳಿಯಾಕೆ.

ನೀವು ಸತ್ತ ಬೇಸಿಗೆಲಿ ‘ದುರ್ಗಾ, ಉಸಿರು ಕಟ್ತೈತೆ, ಬಾಗಿಲು ತೆಗಿಯಮ್ಮ’ ಅಂತಿದ್ರಿ. ತೆಗೀತಿದ್ದೆ. ಬಾಗಿಲಾಚೆ ನಿಮ್ಮ ಗೋಡೌನೇ ಇತ್ತು.

ನಿಮ್ಮ ಮಂಚನ ಅಂಗಳದಲ್ಲಿ, ಗಾಳಿ ಬರೋ ಕಡೆ ಹಾಕಿಸಿದೀನಿ. ಯಾರನ್ನೂ ಮಲಗಾಕೆ ಬಿಟ್ಟಿಲ್ಲ.